ಶೇಷಗಿರಿಯವರ ತಲೆಹಾಡು ಯಂತ್ರ

“ಯಾರೂ ಬಾಯಿ ಬಿಡಬೇಡಿ! ಹಾಡಬೇಡಿ, ಗುನುಗಬೇಡಿ, ಸುಮ್ಮನೆ ಕೂತಿರಿ. ಹಾಡೋ ಕೆಲಸ ಯಂತ್ರದ್ದು!” ಎಂದು ಶೇಷಗಿರಿ ಎರಡೂ ಕೈ ಮೇಲೆತ್ತಿ ಘೋಷಿಸಿದರು.

ಬಾಯಿ ಬಿಡಲು ಅಲ್ಲಿದ್ದವರೇ ಮೂರು ಜನ. ಸೋಫಾದಲ್ಲಿ ಹೆಂಡತಿ ವನಮಾಲಮ್ಮ, ಪಕ್ಕದಲ್ಲಿ ಮಗಳು ಮೇದಿನಿ, ಎದುರು ಕುರ್ಚಿಯಲ್ಲಿ ಪಕ್ಕದ ಮನೆಯ ವೆಂಕೋಬರಾಯರು. ಮೇಜಿನ ಮೇಲೆ ಯಂತ್ರ. ಅದರ ಹೊಟ್ಟೆ ಹಳೆಯ ಟೇಪ್ ರೆಕಾರ್ಡರಿನದು, ಕಿವಿ ತೀರಿಕೊಂಡ ಚಿಕ್ಕಪ್ಪನ ಶ್ರವಣ ಸಾಧನದ್ದು, ತಲೆ ಮಾತ್ರ ವನಮಾಲಮ್ಮನ ಇಡ್ಲಿ ಪಾತ್ರೆಯ ಮುಚ್ಚಳ. ಆ ಮುಚ್ಚಳಕ್ಕಾಗಿ ಅವರು ನಾಲ್ಕು ದಿನದಿಂದ ಮೈಸೂರಿನ ಅರಮನೆಯೊಂದನ್ನು ಬಿಟ್ಟು ಮಿಕ್ಕ ಎಲ್ಲ ಕಡೆ ಹುಡುಕಿದ್ದರು.

ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಶೇಷಗಿರಿ ಮಾಡಿದ ಯಂತ್ರಗಳು ಒಂದೆರಡಲ್ಲ. ದೋಸೆ ಮಗುಚುವ ಯಂತ್ರ ದೋಸೆಯನ್ನು ಫ್ಯಾನಿಗೆ ಅಂಟಿಸಿತ್ತು. ಗಿಡಕ್ಕೆ ನೀರು ಹಾಕುವ ಯಂತ್ರ ಪೋಸ್ಟ್‌ಮ್ಯಾನ್‌ಗೆ ಸ್ನಾನ ಮಾಡಿಸಿತ್ತು. ಆದರೂ ಮನುಷ್ಯ ಬಗ್ಗಿರಲಿಲ್ಲ.

“ನೋಡೀ, ನಮ್ಮೆಲ್ಲರ ತಲೆಯೊಳಗೂ ಸದಾ ಒಂದು ಹಾಡು ಸುತ್ತುತ್ತಾ ಇರುತ್ತೆ. ಈ ಯಂತ್ರ ಅದನ್ನ ಹಿಡಿದು ಹೊರಗೆ ಹಾಕುತ್ತೆ. ಜನ ಬಾಯಲ್ಲಿ ಹೊಗಳೋದು ಒಂದು, ತಲೇಲಿ ಇಟ್ಕೊಂಡಿರೋದು ಇನ್ನೊಂದು. ರೇಡಿಯೋದೋರು ಶನಿವಾರ ಶನಿವಾರ ಹತ್ತು ಹಾಡಿನ ಪಟ್ಟಿ ಓದ್ತಾರಲ್ಲ, ಅದೆಲ್ಲ ಬೊಗಳೆ! ನಿಜವಾದ ಪಟ್ಟಿ ಇನ್ಮುಂದೆ ಈ ಮುಚ್ಚಳದಿಂದ ಬರುತ್ತೆ!”

“ಆ ಮುಚ್ಚಳದಿಂದ ಇಡ್ಲಿ ಬರಬೇಕಿತ್ತು,” ಎಂದರು ವನಮಾಲಮ್ಮ.

ವೆಂಕೋಬರಾಯರು ಅಂಗವಸ್ತ್ರ ಸರಿಮಾಡಿಕೊಂಡರು. ಬಡಾವಣೆಯ ಸಂಗೀತ ಸಭೆಯ ಕಾರ್ಯದರ್ಶಿ ಅವರು. ಈಗಿನ ಹಾಡುಗಳ ಹೆಸರೆತ್ತಿದರೆ ಕಿವಿ ತೊಳೆದುಕೊಂಡು ಬರುತ್ತೇನೆ ಎನ್ನುವ ಪೈಕಿ. “ನನ್ನ ತಲೇಲಿ ಬೆಳಿಗ್ಗೆಯಿಂದ ತೋಡಿ ರಾಗ ಬಿಟ್ಟರೆ ಇನ್ನೊಂದಿಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ,” ಎಂದು ತಲೆಯನ್ನು ಮುಂದಕ್ಕೆ ಚಾಚಿದರು.

ಮುಚ್ಚಳ ನಿಧಾನಕ್ಕೆ ಅವರ ಕಡೆ ತಿರುಗಿತು. ಒಂದು ಕೆಮ್ಮು, ಒಂದು ಗೊರಗೊರ. ಆಮೇಲೆ ಯಂತ್ರದೊಳಗಿಂದ ಸಾಕ್ಷಾತ್ ರಾಯರದೇ ಧ್ವನಿ! “ಗಿರಗಿಟ್ಲೆ ಗಿರಿಜಾ, ಗಿರ್ರಂತ ತಿರುಗೇ ತಿರುಗೇ! ಡುಬುಕ್ಕು ಡುಬುಕ್ಕು ಡುಬುಕ್ಕು!” ಡೋಲಿನ ಸದ್ದನ್ನೂ ರಾಯರೇ ಬಾಯಲ್ಲಿ ಹಾಕುತ್ತಿದ್ದರು. ಕಳೆದ ತಿಂಗಳು ರೇಡಿಯೋ ಪಟ್ಟಿಯ ಮೇಲ್ತುದಿಯಲ್ಲಿ ಕುಣಿದ ಹಾಡು ಅದು.

“ಇದು... ಇದು ಪಕ್ಕದ ಮನೆಯೋರ ತಲೇಲಿರೋದು ಹಿಡಿದಿದೆ!” ಎಂದರು ರಾಯರು ಬೆವರುತ್ತಾ.

“ಪಕ್ಕದ ಮನೆಯೋರು ನೀವೇ ಅಲ್ವೇ ರಾಯರೇ!” ಎಂದರು ಶೇಷಗಿರಿ. ರಾಯರು ಕಾಫಿಗೂ ನಿಲ್ಲದೆ ಎದ್ದು ಹೋದರು.

ಮೇದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವನಮಾಲಮ್ಮನಿಗೆ ನಗು ಬರಲಿಲ್ಲ. ಅವರ ಎದೆಯಲ್ಲಿ ಮರುದಿನದ ಚಿಂತೆ ಕೂತಿತ್ತು.

ಆ ಶನಿವಾರದ ರೇಡಿಯೋ ಪಟ್ಟಿ ಇದೆಯಲ್ಲ, ಅದರ ಒಂದೊಂದು ಹಾಡಿಗೂ ಅಭಿಪ್ರಾಯ ಹೇಳುವವರು ಬೇರೆ ಯಾರೂ ಅಲ್ಲ, ಇದೇ ವನಮಾಲಮ್ಮ. ಅವರ ಮಾತಿಗೆ ಅರ್ಧ ಊರು ಕಾದು ಕೂರುತ್ತಿತ್ತು. ಯಾಕೆಂದರೆ ಅವರು ಹೊಗಳುವುದು ಅಪರೂಪ, ಉಗಿಯುವುದು ಸೊಗಸು. ಎರಡು ವಾರದ ಹಿಂದೆ ‘ಎದೆಗೆ ಒಗ್ಗರಣೆ’ ಎಂಬ ಹೊಸ ಹಾಡು ಮೂರನೇ ಸ್ಥಾನಕ್ಕೆ ಬಂತು. ಅದಕ್ಕೆ ವನಮಾಲಮ್ಮ, “ಒಗ್ಗರಣೆ ಏನೋ ಚಟಪಟ ಅಂತಿದೆ, ಕೆಳಗೆ ಸಾರೇ ಇಲ್ಲ!” ಎಂದುಬಿಟ್ಟರು. ನಿರೂಪಕ ಮೈಕಿನ ಮುಂದೆಯೇ ಬಿದ್ದು ಬಿದ್ದು ನಕ್ಕ. ವನಮಾಲಮ್ಮ ಖುಷಿಯಾಗಿ ಮನೆಗೆ ಬಂದರೆ ಮಗಳು ಮುಖ ಊದಿಸಿಕೊಂಡು ಕೂತಿದ್ದಳು.

“ಅಮ್ಮ, ನಾನು ಮದುವೆ ಆಗ್ಬೇಕು ಅಂತ ಹೇಳಿದ್ನಲ್ಲ ನಚಿಕೇತ, ಆ ಹಾಡು ಮಾಡಿದ್ದು ಅವನೇ.”

ಹಾಡಿನ ಮೇಲೆ ‘ನಚ್ಚಿ ಬೀಟ್ಸ್’ ಎಂದು ಹೆಸರಿದ್ದರೆ ಯಾರಿಗೆ ತಾನೇ ಗೊತ್ತಾಗಬೇಕು! ಅಂದಿನಿಂದ ನಚಿಕೇತನ ತಾಯಿ ತ್ರಿವೇಣಮ್ಮ ಸಂಬಂಧದ ಮಾತನ್ನೇ ಎತ್ತಿರಲಿಲ್ಲ. ಕೊನೆಗೆ ಮಗ ಕಾಡಿಬೇಡಿ ಒಪ್ಪಿಸಿದ ಮೇಲೆ, “ಆ ರೇಡಿಯೋ ಹೆಂಗಸಿನ ಮುಖ ಒಂದ್ಸಲ ನೋಡ್ಕೊಂಡು ಬರ್ತೀನಿ. ಹ್ಞೂಂ ಅನ್ನೋದೋ ಊಹ್ಞೂಂ ಅನ್ನೋದೋ ಅಲ್ಲೇ ಹೇಳ್ತೀನಿ,” ಎಂದಿದ್ದರಂತೆ. ಆ ‘ಅಲ್ಲೇ’ ಎನ್ನುವುದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಗದಿಯಾಗಿತ್ತು.

ಭಾನುವಾರ ಬೆಳಿಗ್ಗೆ ವನಮಾಲಮ್ಮ ಮೊದಲು ಮಾಡಿದ ಕೆಲಸ ಯಂತ್ರದ ತಲೆ ಕಿತ್ತು ಹುಣಸೆಹಣ್ಣು ಹಾಕಿ ತೊಳೆದದ್ದು.

“ಅಯ್ಯಯ್ಯೋ, ಏನೇ ಇದು! ವಿಜ್ಞಾನದ ಕತ್ತು ಕುಯ್ದೆಯಲ್ಲೇ!”

“ಏನೂಂದ್ರೆ, ಇವತ್ತೊಂದಿನ ನಿಮ್ಮ ವಿಜ್ಞಾನ ಮಲಗಿರ್ಲಿ. ನಿಮ್ಮ ಮಗಳ ಬಾಳಿನ ಪ್ರಶ್ನೆ. ಬಂದೋರ ಮುಂದೆ ಆ ಡಬ್ಬ ಕೆಮ್ಮಿದ್ರೆ ನಾನು ತವರಿಗೆ ಹೋಗ್ತೀನಿ!”

“ಯಂತ್ರದ ಸ್ವಿಚ್ ಮುಟ್ಟಲ್ಲ ಕಣೇ, ನಿನ್ನಾಣೆ,” ಎಂದರು ಶೇಷಗಿರಿ. ಮುಟ್ಟಲೂ ಇಲ್ಲ. ಆದರೆ ತಲೆಯಿಲ್ಲದ ಯಂತ್ರವನ್ನು ನೋಡಿ ಅವರ ಕರುಳು ಚುರುಕ್ ಎಂದಿತು. ಅದನ್ನು ಎತ್ತಿಕೊಂಡು ತಾರಸಿಗೆ ಹೋದರು. ಅಲ್ಲಿ ಹಳೆಯ ಟಿವಿಯ ಡಿಶ್ ಆಂಟೆನಾ ಸುಮ್ಮನೆ ಬಿದ್ದಿತ್ತು, ಅದನ್ನು ತಲೆಯಾಗಿ ಕೂರಿಸಿದರು. ಬಡಾವಣೆಯ ರಾಜ್ಯೋತ್ಸವದ ಲೌಡ್‌ಸ್ಪೀಕರ್ ಕೂಡ ಅವರ ಸುಪರ್ದಿಯಲ್ಲೇ ಇತ್ತು, ಅದನ್ನು ಬಾಯಾಗಿ ಸೇರಿಸಿದರು. ಎರಡರ ವೈರನ್ನೂ ಅಲ್ಲಿನ ಪ್ಲಗ್ಗಿಗೆ ಸಿಕ್ಕಿಸಿದರು. ಆ ಹೊತ್ತಿಗೆ ಕರೆಂಟ್ ಹೋಗಿತ್ತು. ನಿನ್ನೆ ವೈರ್ ಕಿತ್ತಿಟ್ಟಿದ್ದರೇ ಹೊರತು ಸ್ವಿಚ್ ಆನ್ ಆಗಿಯೇ ಇದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಸಂಶೋಧಕರ ತಲೆಯಲ್ಲಿ ಅಂಥ ಸಣ್ಣಪುಟ್ಟದ್ದಕ್ಕೆ ಜಾಗ ಇರುವುದಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಬೀಗರಾಗಬೇಕಾದವರು ಬಂದರು. ಮುಂದೆ ತ್ರಿವೇಣಮ್ಮ, ಅವರ ಹಿಂದೆ ಎಲ್ಲದಕ್ಕೂ ನಗುವ ಯಜಮಾನರು ಪಶುಪತಿಯವರು, ಕೊನೆಯಲ್ಲಿ ನೆಲ ನೋಡಿಕೊಂಡು ನಚಿಕೇತ. ಇಡ್ಲಿ ಬಡಿಸಿದ್ದಾಯಿತು. ತ್ರಿವೇಣಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡರು.

“ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮನೆ ಇಡ್ಲಿ ಮೆತ್ತಗಿದೆ. ಎಲ್ಲಾನೂ ಹೀಗೇ ಮೆತ್ತಗಿದ್ದಿದ್ರೆ ಚೆನ್ನಾಗಿತ್ತು.”

ವನಮಾಲಮ್ಮನ ಮುಖ ಬಿಸಿಯಾಯಿತು. ಅಷ್ಟರಲ್ಲಿ ಫ್ಯಾನ್ ತಿರುಗತೊಡಗಿತು. ಕರೆಂಟ್ ಬಂದಿತ್ತು.

ತಾರಸಿಯ ಮೇಲೆ ಗೊರಗೊರ ಎಂದಿತು. ಶೇಷಗಿರಿಯವರ ಕೈಯಲ್ಲಿದ್ದ ಚಟ್ನಿ ಸೌಟು ಅಲ್ಲೇ ನಿಂತಿತು. ಆಮೇಲೆ ಲೌಡ್‌ಸ್ಪೀಕರಿನಲ್ಲಿ ಇಡೀ ಬೀದಿಗೆ ಕೇಳುವ ಹಾಗೆ ಪಶುಪತಿಯವರ ಧ್ವನಿ ಮೊಳಗಿತು. “ಹಪ್ಪಳ ಹಪ್ಪಳ ಗರಿಗರಿ ಹಪ್ಪಳ, ಅತ್ತೆಗೂ ಇಷ್ಟ ಮಾವಂಗೂ ಇಷ್ಟ!”

“ಅರೆ, ಇದು ಬೆಳಿಗ್ಗೆ ಕಾರಲ್ಲಿ ಬಂದ ಜಾಹೀರಾತು! ಆಗಿಂದ ತಲೇಲಿ ಕೂತಿತ್ತು. ಯಾರು ಹಾಡಿದ್ದು?” ಎಂದು ಪಶುಪತಿಯವರು ಸಂತೋಷದಿಂದ ಸುತ್ತ ನೋಡಿದರು.

“ಆಫ್ ಮಾಡ್ರೀ!” ಎಂದು ವನಮಾಲಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದರು.

“ನಾನು ಇಳಿದು ಬರುವಾಗ ತಾರಸಿ ಬಾಗಿಲು ಗಾಳಿಗೆ ಹಾಕ್ಕೊಂಡ್ಬಿಡ್ತು, ಬೀಗದ ಕೈ ಆ ಕಡೇನೇ ಇದೆ ಕಣೇ! ಬಿಸಿ ಆದಷ್ಟೂ ದೂರ ದೂರದ ತಲೆಗಳಿಗೆ ಕೈಹಾಕುತ್ತೆ ಅದು. ಈಗಿನ್ನೂ ಹತ್ತಿರದವರದ್ದು ನಡೀತಿದೆ...”

ಮಾತು ಮುಗಿಯುವ ಮೊದಲೇ ಲೌಡ್‌ಸ್ಪೀಕರ್ ಎರಡನೇ ತಲೆ ಹಿಡಿಯಿತು. ಅದರಲ್ಲಿ ಹಾಡೇ ಇರಲಿಲ್ಲ. ಇದ್ದದ್ದು ವನಮಾಲಮ್ಮನ ಸ್ವಂತ ಧ್ವನಿ. “ಒಗ್ಗರಣೆ ಏನೋ ಚಟಪಟ ಅಂತಿದೆ, ಕೆಳಗೆ ಸಾರೇ ಇಲ್ಲ!” ಹಿಂದೆಯೇ ನಿರೂಪಕನ ನಗು. ಮತ್ತೆ ಅದೇ ಮಾತು, ಮತ್ತೆ ಅದೇ ನಗು. “ಸಾರೇ ಇಲ್ಲ! ಸಾರೇ ಇಲ್ಲ!”

ಎಲ್ಲರೂ ತ್ರಿವೇಣಮ್ಮನನ್ನೇ ನೋಡಿದರು. ಅವರು ತಟ್ಟೆ ಕೆಳಗಿಟ್ಟರು.

“ನನ್ನ ತಲೆಯದೇ. ಹದಿನೈದು ದಿನದಿಂದ ಇದೊಂದೇ ಸುತ್ತುತ್ತಿದೆ ಕಣ್ರೀ. ಅಕ್ಕಿ ತೊಳೆದ್ರೂ ಇದೇ, ದೇವರ ದೀಪ ಹಚ್ಚಿದ್ರೂ ಇದೇ. ಆ ಹಾಡಿಗೆ ನನ್ನ ಮಗ ಆರು ತಿಂಗಳು ಊಟ ನಿದ್ದೆ ಬಿಟ್ಟಿದ್ದ. ನೀವು ಒಂದು ಮಾತಲ್ಲಿ ಮುಗಿಸಿಬಿಟ್ರಿ, ಊರೆಲ್ಲ ನಕ್ಕಿತು. ಈ ಮನೆ ಅಳಿಯ ಆದ್ರೆ ಇವನು ದಿನಾ ನಿಮ್ಮ ಅಭಿಪ್ರಾಯ ನುಂಗಿಕೊಂಡೇ ಊಟ ಮಾಡ್ಬೇಕಲ್ಲ ಅಂತ ನನಗೆ ಹೆದರಿಕೆ. ಸಿಟ್ಟಲ್ಲ, ಹೆದರಿಕೆ.”

“ಅಮ್ಮ, ಬಿಡಮ್ಮ...” ಎಂದ ನಚಿಕೇತ.

ವನಮಾಲಮ್ಮನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಶನಿವಾರ ಶನಿವಾರ ಹರಿಯುತ್ತಿದ್ದ ಮಾತು ಒಂದೂ ನಾಲಿಗೆಗೆ ಬರಲಿಲ್ಲ. ತಾನು ಹೇಳಿ ಮರೆತ ಮಾತು ಇನ್ನೊಬ್ಬ ತಾಯಿಯ ಅಡುಗೆಮನೆಯಲ್ಲಿ ಹದಿನೈದು ದಿನ ಬಿಡದೆ ಸದ್ದು ಮಾಡಿತ್ತಲ್ಲ ಎಂದು ಅವರಿಗೆ ಈಗ ಹೊಳೆಯಿತು.

ಆಗ ಲೌಡ್‌ಸ್ಪೀಕರ್ ಮೂರನೇ ತಲೆ ಹಿಡಿಯಿತು. ತನ್ನದೇ ಸರದಿ ಎಂದು ವನಮಾಲಮ್ಮನಿಗೆ ಕೂಡಲೇ ಗೊತ್ತಾಯಿತು. ಕಣ್ಣು ಮುಚ್ಚಿ ಒಂದು ದೇವರನಾಮ ನೆನೆಸಿಕೊಳ್ಳಲು ಹೆಣಗಿದರು. ಅದು ಬರುವ ಲಕ್ಷಣವೇ ಇಲ್ಲ! ಬಂದದ್ದು ಪಾತ್ರೆ ತೊಳೆಯುವಾಗಿನ ಅವರ ನಿಧಾನದ, ಸಿಹಿಯಾದ ದನಿ.

“ಎದೆಗೆ ಒಗ್ಗರಣೆ ಹಾಕಿ ಎಲ್ಲಿ ಹೋದೆಯೇ, ಸಾಸಿವೆಗಿಂತ ಜೋರಾಗಿ ಸಿಡಿಯುತಿದ್ದೇನೆ...”

ಪಲ್ಲವಿ ಮುಗಿಯಿತು, ಚರಣ ಮುಗಿಯಿತು. ಎಲ್ಲೂ ಒಂದಕ್ಷರ ತಪ್ಪಿಲ್ಲ. ಆಮೇಲೆ ಯಾರೂ ಕೇಳಿರದ ಎರಡು ಸಾಲು. “ಉರಿ ಸಣ್ಣ ಮಾಡು ಜಾಣೆ, ಮಾತಾಡೋಣ, ಹಸಿವಾದಾಗ ಜೊತೆ ಕೂತು ಹಂಚಿ ಉಣ್ಣೋಣ.”

ನಚಿಕೇತ ಕುರ್ಚಿಯಿಂದ ಎಗರಿ ನಿಂತ. “ಆಂಟಿ! ಈ ಸಾಲು ಎಲ್ಲಿಂದ ಬಂತು? ನನ್ನ ಹಾಡಲ್ಲಿ ಇದಿಲ್ಲ! ಮುಕ್ತಾಯ ಸಿಗದೇನೆ ನಾನು ಸುಮ್ಮನೆ ಡೋಲು ಬಡಿದು ಮುಗಿಸಿಬಿಟ್ಟಿದ್ದೆ!”

“ನನ್ನ ತಲೇಲೇ ಹುಟ್ಟಿತಪ್ಪ,” ಎಂದರು ವನಮಾಲಮ್ಮ. ಈಗ ಮಾತು ಬಂತು. “ರೇಡಿಯೋದಲ್ಲಿ ಉಗಿದು ಬಂದೆ. ಸಂಜೆ ನೋಡಿದ್ರೆ ಅದನ್ನೇ ಹಾಡ್ಕೋತಾ ಇದ್ದೆ. ಮರುದಿನಾನೂ ಅದೇ. ಜನ ನಗಲಿ ಅನ್ನೋ ಚಪಲಕ್ಕೆ ಹಾಗಂದೆ. ಹಾಡು ಚೆನ್ನಾಗಿದೆ, ಮಗು. ನನ್ನದು ತಪ್ಪಾಯ್ತು. ತ್ರಿವೇಣಮ್ಮನೋರೇ, ನಿಮ್ಮ ಹತ್ರಾನೂ ಕೇಳ್ಕೋತೀನಿ, ಮನಸ್ಸಲ್ಲಿಟ್ಕೋಬೇಡಿ.”

ತ್ರಿವೇಣಮ್ಮ ಉಸಿರು ಎಳೆದುಕೊಂಡರು. ಮೇದಿನಿ ನಚಿಕೇತನನ್ನು ನೋಡಿದಳು, ನಚಿಕೇತ ತಾಯಿಯನ್ನು ನೋಡಿದ. ಹ್ಞೂಂ ಅನ್ನುತ್ತಾರೋ ಊಹ್ಞೂಂ ಅನ್ನುತ್ತಾರೋ! ತ್ರಿವೇಣಮ್ಮನ ತುಟಿ ಅಲುಗಿತು.

ಸರಿಯಾಗಿ ಅದೇ ಹೊತ್ತಿಗೆ ಯಂತ್ರ ಪೂರ್ತಿ ಕಾದಿತ್ತು.

“ಬೀದಿಗೆ ಕೈಹಾಕಿತು!” ಎಂದು ಶೇಷಗಿರಿ ಎಲ್ಲ ಮರೆತು ಕುಣಿದರು. “ನೂರಾರು ತಲೆ ಒಟ್ಟಿಗೆ! ಎಲ್ಲರ ತಲೇಲೂ ಇರೋ ಹಾಡು ಯಾವುದೋ ಅದೇ ನಿಜವಾದ ನಂಬರ್ ಒನ್! ಈಗ ಬರುತ್ತೆ ನೋಡಿ!”

ಬಂತು. ಗಿರಗಿಟ್ಲೆಯೂ ಅಲ್ಲ, ಒಗ್ಗರಣೆಯೂ ಅಲ್ಲ, ತೋಡಿಯಂತೂ ಅಲ್ಲವೇ ಅಲ್ಲ. ಗಂಡಸರು ಹೆಂಗಸರು ಮುದುಕರು ಮಕ್ಕಳು ಸೇರಿದ ಮಹಾ ಮೇಳದಲ್ಲಿ ಮೊಳಗಿತು: “ಕಸ ಕೊಡಿ ಅಮ್ಮಾ, ಕಸ ಕೊಡಿ ಅಣ್ಣಾ, ಹಸಿಯದು ಹಸಿರಿಗೆ, ಒಣಗಿದ್ದು ನೀಲಿಗೆ!”

ಪಾಲಿಕೆಯ ಕಸದ ಗಾಡಿ ದಿನಾ ಬೆಳಿಗ್ಗೆ ಹಾಕಿಕೊಂಡು ಬರುವ ಹಾಡು! ಅದು ಯಾವ ಪಟ್ಟಿಯಲ್ಲೂ ಇಲ್ಲ, ಅದರ ಬಗ್ಗೆ ಯಾರೂ ಅಭಿಪ್ರಾಯ ಕೇಳಿದ್ದಿಲ್ಲ. ಆದರೆ ಆ ಹಾಡು ಕೇಳಿದ ಮೇಲೆ ಮೈಸೂರಿನ ಮನುಷ್ಯ ಸುಮ್ಮನೆ ಕೂರಲಾರ. ಗಾಡಿ ಅರ್ಧ ನಿಮಿಷ ನಿಂತು ಹೊರಟುಬಿಡುತ್ತದಲ್ಲ!

ಬೀದಿಯ ಬಾಗಿಲುಗಳೆಲ್ಲ ದಡಬಡ ತೆರೆದವು. ಒಂದು ಕೆನ್ನೆಗೆ ಶೇವಿಂಗ್ ನೊರೆ ಬಳಿದುಕೊಂಡವರು, ತಲೆಗೆ ಟವೆಲ್ ಸುತ್ತಿಕೊಂಡವರು, ಎಡದ ಚಪ್ಪಲಿ ಬಲಗಾಲಿಗೆ ಹಾಕಿಕೊಂಡವರು, ಎಲ್ಲರೂ ಬಕೆಟ್ ಹಿಡಿದು ಓಡಿಬಂದರು. ಸದ್ದು ಬರುತ್ತಿದ್ದದ್ದು ಶೇಷಗಿರಿಯವರ ಮನೆಯಿಂದ, ಆದ್ದರಿಂದ ಸಾಲೂ ಅವರ ಗೇಟಿನ ಮುಂದೆಯೇ ಬೆಳೆಯಿತು. ವೆಂಕೋಬರಾಯರು ಅಂಗವಸ್ತ್ರ ಸೊಂಟಕ್ಕೆ ಬಿಗಿದು ಎರಡು ಕೈಗೆರಡು ಬಕೆಟ್ ಹಿಡಿದು ಮೊದಲಿಗರಾಗಿ ನಿಂತಿದ್ದರು. ಏನು ಗಲಾಟೆ ಎಂದು ಹೊರಗೆ ಬಂದ ಪಶುಪತಿಯವರ ಕೈಗೆ ಯಾರೋ, “ಸ್ವಲ್ಪ ಹಿಡ್ಕೊಳ್ಳಿ ಸಾರ್, ನೀಲಿ ತರ್ತೀನಿ,” ಎಂದು ಒಂದು ಬಕೆಟ್ ಕೊಟ್ಟು ಹೋದರು. ಅವರು ನಗುತ್ತಾ ಹಿಡಿದುಕೊಂಡರು.

ಒಳಗೆ ವನಮಾಲಮ್ಮ ತಿರುಗಿ ನೋಡಿದರೆ ತ್ರಿವೇಣಮ್ಮ ಕುರ್ಚಿಯಲ್ಲಿಲ್ಲ! ಸಿಟ್ಟು ಮಾಡಿಕೊಂಡು ಹೊರಟೇ ಹೋದರು ಎಂದು ಅವರ ಜೀವ ಧಸಕ್ಕೆಂದಿತು. ಅಷ್ಟರಲ್ಲಿ ಅಡುಗೆಮನೆಯಿಂದ ಸೆರಗು ಸಿಕ್ಕಿಸಿಕೊಂಡು, ಹಸಿರು ಬಕೆಟ್ ಹಿಡಿದು ತ್ರಿವೇಣಮ್ಮ ಬಿರುಗಾಳಿಯಂತೆ ಹೊರಬಂದರು.

“ಒಣ ಕಸ ಎಲ್ಲಿಟ್ಟಿದ್ದೀರಿ? ಬೇಗ ಹೇಳಿ, ಗಾಡಿ ಹೋಗಿಬಿಡುತ್ತೆ!”

“ಸಿ... ಸಿಂಕಿನ ಕೆಳಗೆ,” ಎಂದರು ವನಮಾಲಮ್ಮ. ಹೇಳಿದವರೇ ಓಡಿಹೋಗಿ ನೀಲಿ ಬಕೆಟ್ ತಂದರು. ಇಬ್ಬರೂ ಜೋಡಿಯಾಗಿ ಮೆಟ್ಟಿಲಿಳಿದು ಸಾಲಿನಲ್ಲಿ ನಿಂತರು.

ತಾರಸಿಯಲ್ಲಿ ಢಮ್ ಎಂದಿತು. ಡಿಶ್ ಆಂಟೆನಾ ಹೊಗೆ ಬಿಟ್ಟು ಹಪ್ಪಳದ ಹಾಗೆ ಮುದುರಿಕೊಂಡಿತು. ಹಾಡು ನಿಂತಿತು. ಬೀದಿಯಲ್ಲಿ ಗಾಡಿಯಿಲ್ಲ, ಚಾಲಕನಿಲ್ಲ. ಬಕೆಟ್ ಹಿಡಿದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಲೇ ತ್ರಿವೇಣಿ, ಅದು ನಮ್ಮನೆ ಬಕೆಟ್ ಅಲ್ಲ ಕಣೇ,” ಎಂದರು ಪಶುಪತಿಯವರು.

ತ್ರಿವೇಣಮ್ಮ ತಮ್ಮ ಕೈಯಲ್ಲಿದ್ದ ಹಸಿರು ಬಕೆಟ್ ನೋಡಿದರು. ಪಕ್ಕದಲ್ಲಿ ನೀಲಿ ಬಕೆಟ್ ಅಪ್ಪಿಕೊಂಡು, ಏದುಸಿರು ಬಿಡುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ವನಮಾಲಮ್ಮನನ್ನು ನೋಡಿದರು. ಅವರ ಮುಖ ಸಡಿಲವಾಯಿತು. ಒಮ್ಮೆಲೇ ಕಿಸಕ್ಕನೆ ನಕ್ಕುಬಿಟ್ಟರು.

“ಅಡುಗೆಮನೆಗೆ ನುಗ್ಗಿ ಕಸದ ಬಕೆಟ್ ಎತ್ಕೊಂಡು ಬಂದಾಯ್ತು. ಇನ್ನು ಊಹ್ಞೂಂ ಅನ್ನೋಕೆ ನನಗೇನು ಮುಖ ಉಳೀತು? ಇದು ಬೀಗರ ಮನೆ ಬಕೆಟ್ ಕಣ್ರೀ. ನಮ್ಮದೇ!”

ಸಾಲಿನಲ್ಲಿದ್ದವರಿಗೆ ತಲೆಬುಡ ಗೊತ್ತಾಗಲಿಲ್ಲ. ಆದರೂ ಮೇದಿನಿಯ ಮುಖ ಅರಳಿದ್ದು ನೋಡಿ ಬಕೆಟ್ ತಟ್ಟಿದರು. ವನಮಾಲಮ್ಮ ಅಷ್ಟೂ ಜನಕ್ಕೆ ಅಲ್ಲೇ ಗೇಟಿನಲ್ಲಿ ಇಡ್ಲಿ ಹಂಚಿದರು. ಒಬ್ಬೊಬ್ಬರಿಗೂ “ಬಂದ್ರಲ್ಲ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು,” ಎಂದರು. ವೆಂಕೋಬರಾಯರಿಗೆ ಎರಡು ಹೆಚ್ಚು ಹಾಕಿದರು. ಆಮೇಲೆ ಮೂಲೆಯಲ್ಲಿ ಹೊಗೆ ನೋಡಿಕೊಂಡು ಪೆಚ್ಚಾಗಿ ನಿಂತ ಗಂಡನ ಮುಂದೆ ಹೋಗಿ ಕೈಮುಗಿದರು.

“ಏನೂಂದ್ರೆ, ನನ್ನ ಬಾಯಿಂದ ಬರದೇ ಇದ್ದ ಮಾತನ್ನ ನಿಮ್ಮ ಯಂತ್ರ ಹೇಳ್ತು. ನನಗೆ ನಿಜವಾಗ್ಲೂ ಸಂತೋಷ ಆಗಿದೆ. ನಿಮಗೆ ಎಷ್ಟು ಹೇಳಿದ್ರೂ ಕಮ್ಮೀನೇ.”

ಶೇಷಗಿರಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಇಷ್ಟು ವರ್ಷದಲ್ಲಿ ಅವರ ಯಾವ ಯಂತ್ರಕ್ಕೂ ಇಂಥ ಮಾತು ಬಂದಿರಲಿಲ್ಲ. ಇದೇನೋ ಹೊಸ ಬಗೆಯ ಬೈಗುಳ ಇರಬೇಕೆಂದು ಅವರು ಸಂಜೆಯವರೆಗೂ ಅಡುಗೆಮನೆಯ ಕಡೆ ಸುಳಿಯಲಿಲ್ಲ.

ಹೀಗೆ ಸಂಬಂಧ ಗಟ್ಟಿಯಾಯಿತು. ಆ ಸಾಲಿನ ಬಕೆಟ್ಟುಗಳಲ್ಲಿ ಮಾತ್ರ ಏನೂ ಇರಲಿಲ್ಲ. ಗಾಡಿ ಬೆಳಿಗ್ಗೆ ಏಳಕ್ಕೇ ಬಂದು ಹೋಗಿತ್ತು.