ಹರಳೆಣ್ಣೆ ಕುಡಿದ ರೈಫಲ್ಲು

೨೦೦೨ರ ಸೆಪ್ಟೆಂಬರ್ ೨೧, ಶನಿವಾರ, ಬೆಳಿಗ್ಗೆ ಹತ್ತೂಕಾಲು. ಕೆನಡಾದ ಎರಿನ್ ಮಿಲ್ಸಿನ ನಮ್ಮ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ಒಂದು ಹಳೆಯ ರೈಫಲ್ಲಿಗೆ ಹೊಸ ರೂಪ ಕೊಡುವ ಕಾರ್ಯವನ್ನು ನಾನು ವಿಧ್ಯುಕ್ತವಾಗಿ ಆರಂಭಿಸಿದೆ. ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ. ಪಕ್ಕದಲ್ಲಿ ‘ಮುಗಿಯುವ ಸಮಯ: ಭಾನುವಾರ ಸಂಜೆ’ ಎಂದೂ ಇದೆ. ಯಾವ ಭಾನುವಾರ ಎಂದು ಬರೆದಿಲ್ಲ. ಅಷ್ಟರ ಮಟ್ಟಿಗೆ ದೇವರು ನನ್ನ ಮಾನ ಕಾಪಾಡಿದ!

ಮೈಸೂರಿನಲ್ಲಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಗುರಿ ಹೊಡೆದು ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಮದುವೆಯಾಗಿ ಕೆನಡಾಕ್ಕೆ ಬಂದ ಮೇಲೂ ಆ ಲೋಟದಲ್ಲಿ ಕಾಫಿ ಕುಡಿಯುವಾಗಲೆಲ್ಲ ಬೆರಳು ಜುಮ್ಮೆನ್ನುತ್ತಿತ್ತು. ಬಂದೂಕಿನ ಕೋರ್ಸು ಮಾಡಿದೆ, ಪರೀಕ್ಷೆ ಬರೆದೆ, ಲೈಸೆನ್ಸೂ ಬಂತು. ಬರ್ಲಿಂಗ್ಟನ್ನಿನ ಒಂದು ಅಂಗಡಿಯಲ್ಲಿ, ರಷ್ಯಾದ ಸೈನ್ಯಕ್ಕೆ ಬೇಡವಾದ ರೈಫಲ್ಲುಗಳನ್ನು ದಿನಸಿ ಅಂಗಡಿಯ ಪೊರಕೆಗಳಂತೆ ಪೀಪಾಯಿಯಲ್ಲಿ ನಿಲ್ಲಿಸಿದ್ದರು. ಚಳಿಗಾಲದ ಒಂದು ಜೊತೆ ಬೂಟಿಗಿಂತ ಅಗ್ಗ. ಒಂದನ್ನು ಆರಿಸಿ ತಂದೆ.

ತುಕ್ಕು ಹಿಡಿಯದಿರಲೆಂದು ಅದಕ್ಕೆ ಮೈತುಂಬ ಗ್ರೀಸು ಬಳಿದಿದ್ದರು. ಹಲಸಿನ ಮೇಣದಂಥ ಗ್ರೀಸು. ಮೊದಲ ದಿನವೇ ಅದು ಬಾಗಿಲ ಹಿಡಿಗೆ, ಕಾರ್ಪೆಟ್ಟಿಗೆ, ಕೊನೆಗೆ ನನ್ನ ಗಂಡ ಶ್ರೀಧರನ ಆಫೀಸಿನ ಬಿಳಿ ಅಂಗಿಗೆ ತಲುಪಿತು. ಶ್ರೀಧರ ಸಾಫ್ಟ್‌ವೇರಿನವನು. ಕೋಪ ಬಂದಾಗಲೂ ಷರತ್ತು ಹಾಕಿಯೇ ಮಾತಾಡುತ್ತಾನೆ.

“ಆಯುಧಪೂಜೆ ದಿನ ಜನ ಬರ್ತಾರೆ, ಸುಮಾ. ಅಷ್ಟರೊಳಗೆ ಇದು ಮುಟ್ಟೋ ಹಾಗಾದ್ರೆ ಮನೇಲಿರ್ಲಿ. ಇಲ್ದಿದ್ರೆ ಅಂಗಡಿಗೇ ವಾಪಸ್.”

ಆ ವರ್ಷ ಆಯುಧಪೂಜೆ ಥ್ಯಾಂಕ್ಸ್‌ಗಿವಿಂಗ್ ರಜೆಯ ಸೋಮವಾರವೇ ಬಂದಿತ್ತು. ಮೂರು ವಾರ ಸಮಯವಿತ್ತು. ನಾನು ಒಪ್ಪಿದೆ. ಒಂದು ವಾರ ಸಾಕು ಎಂದು ಜಂಬವನ್ನೂ ಕೊಚ್ಚಿದೆ.

ಕಬ್ಬಿಣದ ಭಾಗಗಳನ್ನು ಕಳಚಿ, ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಉಳಿದದ್ದು ಮರದ ಭಾಗ. ಅಂಗಡಿಯವನು ಹೇಳಿದ್ದು ಇಷ್ಟು: ಜಿಡ್ಡು ತೆಗೆಯಬೇಕು, ಮರಳು ಕಾಗದದಲ್ಲಿ ಉಜ್ಜಬೇಕು, ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒಣಗಲು ಬಿಡಬೇಕು. ಜಿಡ್ಡು ತೆಗೆಯುವ ರಾಸಾಯನಿಕದ ಡಬ್ಬಿಯನ್ನೂ ತೋರಿಸಿದ್ದ. ನನಗೆ ನಗು ಬಂತು. ಜಿಡ್ಡು ತೆಗೆಯುವುದನ್ನು ನಮಗೆ ಹೇಳಿಕೊಡುವುದೇ! ನನ್ನ ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಅವರ ಜೊತೆ ಒಂದು ದೊಡ್ಡ ಡಬ್ಬಿ ಸೀಗೆಪುಡಿಯೂ ಬಂದಿತ್ತು.

ಬಾತ್‌ಟಬ್ಬಿಗೆ ಬಿಸಿನೀರು ಬಿಟ್ಟು, ಮರವನ್ನು ಮುಳುಗಿಸಿ, ಸೀಗೆಪುಡಿ ಸುರಿದು ಉಜ್ಜತೊಡಗಿದೆ. ಗ್ರೀಸೂ ಸೀಗೆಯೂ ಸೇರಿ ಕಂದು ಬಣ್ಣದ ರಾಗಿ ಸರಿಯಂತಾಯಿತು. ಆ ಸರಿ ಟಬ್ಬಿನ ಪೈಪಿನಲ್ಲಿ ಕೂತು ನೀರು ಹೋಗುವ ದಾರಿಯನ್ನೇ ಮುಚ್ಚಿತು. ಅಷ್ಟರಲ್ಲಿ ಅತ್ತೆ ಬಂದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಬಾಗಿಲಲ್ಲೇ ನಿಂತು ನಾನು ಉಜ್ಜುವುದನ್ನು ನೋಡಿದರು.

“ಹಾಗಲ್ಲ ಕಣೇ ಉಜ್ಜೋದು. ಕೊಡಿಲ್ಲಿ.”

ಸೀರೆ ಮೇಲೆ ಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿದರು. ರೈಫಲ್ಲಿನ ಮರವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡರು. ಮೈಸೂರಿನ ನಮ್ಮ ಬೀದಿಯಲ್ಲಿ ಹುಟ್ಟಿದ ಅರ್ಧ ಮಕ್ಕಳಿಗೆ ನೀರು ಹಾಕಿದ ಕೈ ಅದು. ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಆ ಕೈಗೆ ನಮ್ಮ ಮನೆಯಲ್ಲಿ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಅವರು ಆ ಮಾತನ್ನು ಯಾವತ್ತೂ ಎತ್ತಿದವರಲ್ಲ. ಆದರೆ ಚೊಂಬು ಚೊಂಬಾಗಿ ಬಿಸಿನೀರು ಸುರಿಯುವಾಗ, ತಿರುಗಿಸಿ ಅಂಗಾತ ಮಲಗಿಸುವಾಗ, ತುದಿಯನ್ನು ಅಂಗೈಯಲ್ಲಿ ಹಿಡಿದ ರೀತಿ ನೋಡಿ ನಾನು ತೆಪ್ಪಗೆ ಚೊಂಬು ತುಂಬಿಕೊಟ್ಟೆ.

ನೀರು ಹಾಕಿದ ಮೇಲೆ ಟವೆಲ್ಲಿನಲ್ಲಿ ಸುತ್ತಿದರು. ಸುತ್ತಿದ ಮೇಲೆ ಸಾಂಬ್ರಾಣಿ ಹಾಕಬೇಡವೇ? ಹಾಕಿದರು. ಮರ ಬೇಗ ಒಣಗುತ್ತದೆಂದು ನಾನೂ ಹೂಂಗುಟ್ಟಿದೆ. ಎರಡೇ ನಿಮಿಷ. ಮನೆಯ ಹೊಗೆ ಅಲಾರಮ್ಮುಗಳೆಲ್ಲ ಒಟ್ಟಿಗೆ ಅರಚಿಕೊಂಡವು! ಪಕ್ಕದ ಮನೆಯ ಪಂಜಾಬಿ ಆಂಟಿ ಓಡಿ ಬಂದರು. ಒಳಗೆ ಹೊಗೆ, ನಡುವೆ ಅತ್ತೆ, ಅತ್ತೆಯ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದು. ಆಂಟಿ ನನ್ನ ಹೊಟ್ಟೆಯನ್ನೊಮ್ಮೆ, ಟವೆಲ್ಲನ್ನೊಮ್ಮೆ ನೋಡಿ, “ಬತಾಯಾ ಕ್ಯೋಂ ನಹೀ, ಬೇಟಾ?” ಎಂದು, ತಮಗೊಂದು ಮಾತು ಹೇಳಲಿಲ್ಲವೆಂದು ನೊಂದುಕೊಂಡರು. ನಾನು ವಿವರಿಸುವಷ್ಟರಲ್ಲಿ ಹೊರಟೇ ಹೋದರು. ಮರುದಿನ ಬಾಣಂತಿಗೆಂದು ಒಂದು ಬಟ್ಟಲು ಪಂಜೀರಿ ಬಂತು. ತುಪ್ಪ, ಬಾದಾಮಿ ಧಾರಾಳವಾಗಿತ್ತು. ವಾಪಸು ಕೊಡಲು ಮನಸ್ಸು ಬರಲಿಲ್ಲ!

ಮರಳು ಕಾಗದದ ಕೆಲಸ ಮುಗಿಯಿತು. ಎಣ್ಣೆ ಮಾತ್ರ ಉಳಿಯಿತು. ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದರು. ಊರಿನ ಗಾಣದ ಹರಳೆಣ್ಣೆ.

“ಅಂಗಡಿಯವ್ನು ಅಗಸೆ ಎಣ್ಣೆ ಅಂದಿದ್ದ, ಅತ್ತೆ.”

“ನೀರು ಹಾಕಿದ ಮೇಲೆ ನೆತ್ತಿಗೆ ಹರಳೆಣ್ಣೆ ಇಡೋದು. ಅಗಸೆ ಎಣ್ಣೆ ಯಾವ ಕೂಸಿಗೆ ಹಚ್ತಾರೆ?”

ತರ್ಕ ನನಗೆ ಸರಿಯೆನಿಸಿತು. ಎಣ್ಣೆ ಎಂದರೆ ಎಣ್ಣೆ. ಇದರಲ್ಲಿ ರಷ್ಯಾದವರದೇನು ಹೆಚ್ಚು? ತೆಳ್ಳಗೆ ಹಚ್ಚಿದೆ. ಮರುದಿನ ಬೆರಳಿಟ್ಟು ನೋಡಿದೆ, ಒದ್ದೆ. ಮರ ಸಾಲದೆನ್ನುತ್ತಿದೆ ಎಂದು ತೀರ್ಮಾನಿಸಿ ಮತ್ತೊಮ್ಮೆ ಹಚ್ಚಿದೆ. ಅದೂ ಒದ್ದೆ. ಕೆಲವು ಎಣ್ಣೆಗಳು ಮಾತ್ರ ಗಾಳಿಗೆ ಗಟ್ಟಿಯಾಗುತ್ತವೆ, ಹರಳೆಣ್ಣೆ ಆ ಜಾತಿಯದಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಹಬ್ಬದ ಹಿಂದಿನ ದಿನದ ಡೈರಿಯ ಲೆಕ್ಕ ಹೀಗಿದೆ: ಸೀಗೆಪುಡಿ ಅರ್ಧ ಡಬ್ಬಿ, ಹರಳೆಣ್ಣೆ ಮುಕ್ಕಾಲು ಸೀಸೆ, ಪ್ಲಂಬರ್ ಒಬ್ಬ, ಗಂಡನ ವಿಶ್ವಾಸ ಶೂನ್ಯ.

ಸೋಮವಾರ ಬಂತು. ಮೂರು ಕನ್ನಡ ಕುಟುಂಬಗಳು ಬಂದವು. ಶ್ರೀಧರನ ಲ್ಯಾಪ್‌ಟಾಪು, ಕಾರಿನ ಕೀ, ಅತ್ತೆಯ ಈಳಿಗೆಮಣೆ, ಇವುಗಳ ಮಧ್ಯೆ ಜೋಡಿಸಿದ ರೈಫಲ್ಲು. ಟ್ರಿಗರಿಗೆ ಬೀಗ ಹಾಕಿತ್ತು, ಗುಂಡು ಮನೆಯಲ್ಲೇ ಇರಲಿಲ್ಲ. ದೀಪದ ಬೆಳಕಿನಲ್ಲಿ ಮರ ಥಳಥಳ ಹೊಳೆಯುತ್ತಿತ್ತು. ಎಲ್ಲರೂ ಹೊಗಳಿದರು. ಆ ಹೊಳಪು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು.

ಮಂಗಳಾರತಿ ಆಯಿತು. ಶ್ರೀಧರ ನ್ಯಾಯಾಧೀಶನ ಗಾಂಭೀರ್ಯದಿಂದ ಮುಂದೆ ಬಂದು, ಷರತ್ತಿನ ಪ್ರಕಾರ ಅದನ್ನು ಎರಡೂ ಕೈಯಲ್ಲಿ ಎತ್ತಿದ. ಎದೆಯವರೆಗೆ ಬಂತು. ಅಲ್ಲಿಂದ ಮೀನಿನಂತೆ ಜಾರಿತು! ಪೂಜೆಯ ತಟ್ಟೆಗೆ ಬಿದ್ದು, ಅರಿಶಿನ ಕುಂಕುಮದಲ್ಲಿ ಹೊರಳಿ, ಅಕ್ಷತೆ, ಸೇವಂತಿಗೆ ಎಸಳು ಎಲ್ಲವನ್ನೂ ಮೈಗೆ ಅಂಟಿಸಿಕೊಂಡು, ಸಂಕ್ರಾಂತಿಯ ಹಸುವಿನಂತೆ ಮಲಗಿತು. ಶ್ರೀಧರ ಎಣ್ಣೆಗೈಗಳನ್ನು ಮೇಲೆತ್ತಿ ನಿಂತ.

“ನಾಳೆ ಅಂಗಡಿಗೆ,” ಎಂದ.

ಅತ್ತೆ ಬಗ್ಗಿ ಅದನ್ನು ಸೆರಗಿನಲ್ಲಿ ಎತ್ತಿಕೊಂಡು, ಒಂದೊಂದೇ ಎಸಳು ಬಿಡಿಸತೊಡಗಿದರು. ತಲೆ ಎತ್ತದೆ ಹೇಳಿದರು:

“ಇಲ್ಲಿಗೆ ಬಂದು ನಾನು ನೀರು ಹಾಕಿದ್ದು ಇದೊಂದಕ್ಕೇ ಕಣೋ ಶ್ರೀಧರಾ. ಮಾರೋ ಮಾತಾಡ್ಬೇಡ.”

ಶ್ರೀಧರ ಕೈ ಒರೆಸಿಕೊಂಡ. ತಾನೂ ಪಕ್ಕದಲ್ಲಿ ಕೂತು ಅಕ್ಷತೆ ಬಿಡಿಸಿದ.

ಹೀಗೆ ರೈಫಲ್ಲು ಉಳಿಯಿತು. ಅದರಲ್ಲಿ ನನ್ನ ಕೈಕೆಲಸದ ಪಾಲು ಏನೂ ಇಲ್ಲ. ಶೂಟಿಂಗ್ ಕ್ಲಬ್ಬಿಗೆ ಒಯ್ದಾಗ, ಗುರಿ ಹಿಡಿಯಲು ಮರಕ್ಕೆ ಒತ್ತಿದ ಕೆನ್ನೆ ಜಾರಿ, ನನ್ನ ಗುರಿಹಲಗೆ ಸ್ವಚ್ಛವಾಗಿ ಉಳಿಯಿತು. ಪಕ್ಕದವರ ಹಲಗೆಯಲ್ಲಿ ಒಂದು ತೂತು ಹೆಚ್ಚಿತ್ತು. ಅತ್ತೆ ಈಗ ಮೈಸೂರಿನಲ್ಲಿದ್ದಾರೆ. ಫೋನಿನಲ್ಲಿ ಮೊದಲು ಕೂಸಿನ ಯೋಗಕ್ಷೇಮ, ಆಮೇಲೆ ನಮ್ಮದು.

ಕೂಸು ಇನ್ನೂ ಒಣಗಿಲ್ಲ. ಹರಳೆಣ್ಣೆ ಕುಡಿದ ಮರವನ್ನು ಒಣಗಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಅಗಸೆ ಎಣ್ಣೆ ಹಚ್ಚಬೇಕಿತ್ತು ಎಂದು ಮಾತ್ರ ಬರೆಯಬೇಡಿ, ಅದನ್ನು ದಿನಾ ಹೇಳಲು ಮನೆಯಲ್ಲಿ ಒಬ್ಬರಿದ್ದಾರೆ. ನಾನು ಹಚ್ಚಿದ ಎಣ್ಣೆಗೆ ಇಷ್ಟರಲ್ಲಿ ಅದಕ್ಕೆ ಜಡೆ ಹಾಕುವಷ್ಟು ಕೂದಲಾದರೂ ಬರಬೇಕಿತ್ತು. ಅದೂ ಬಂದಿಲ್ಲ!