ಗೆರೆ ದಾಟಲೊಲ್ಲದ ಭರಮು

ನಾನು ಹೆದರುಪುಕ್ಕ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸಲೀಸು. ಓಣಿಯ ಎಮ್ಮೆ ಸುಮ್ಮನೆ ಕತ್ತು ಹೊರಳಿಸಿದರೂ ರಸ್ತೆಯ ಆಚೆ ಬದಿಗೆ ಸರಿಯುವವನು ನಾನು. ಅಂಥವನನ್ನು ಅಥಣಿಯ ನಮ್ಮ ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕೋಚ್ ಮಾಡಿದರೆಂದರೆ ನಂಬುತ್ತೀರಾ? ನನ್ನ ಕೆಲಸ ಲೈಬ್ರರಿಯಲ್ಲಿ. ಆ ಆಟದ ನಿಯಮಗಳ ಪುಸ್ತಕಕ್ಕೆ ನಂಬರು ಹಚ್ಚಿ ಕಪಾಟಿನಲ್ಲಿ ಇಟ್ಟದ್ದೇ ನನ್ನ ಅಪರಾಧ. "ಇಡೀ ಕಾಲೇಜಿನ್ಯಾಗ ಆ ಪುಸ್ತಕ ಮುಟ್ಟಿದವ್ರು ನೀವೊಬ್ರ ನೋಡ್ರಿ" ಎಂದು ಪ್ರಿನ್ಸಿಪಾಲರು ನನ್ನ ಕೊರಳಿಗೆ ಸೀಟಿ ಹಾಕಿಯೇ ಬಿಟ್ಟರು.

ಹುಡುಗರೆಲ್ಲ ಕಬಡ್ಡಿ ಆಡಿ ಬೆಳೆದವರು. ರಜೆ ಸಿಕ್ಕರೆ ಕಬ್ಬಿನ ಹೊರೆ ಹೊತ್ತು, ಹಲಗೆ ಏರಿ, ಟ್ರಾಕ್ಟರ್ ತುಂಬುವವರು. ಮೊದಲ ದಿನ ಹೆಲ್ಮೆಟ್ ಹಾಕಿಕೊಂಡು ಎದುರುಬದುರು ನಿಂತು ಒಬ್ಬರಿಗೊಬ್ಬರು ಹಾಯ್ದರು ನೋಡಿ, ಆ ಸಪ್ಪಳಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಿದ್ದವರು ನಗುತ್ತ ಎದ್ದರು. ಅಬ್ಬಬ್ಬಾ! ಅವರಲ್ಲಿ ಶೇಡಬಾಳದ ಭರಮು ಅನ್ನುವವನು ಚೆಂಡು ಬಗಲಲ್ಲಿ ಹಿಡಿದು ಓಡಿದನೆಂದರೆ ಮುಗಿಯಿತು, ಐದಾರು ಜನರ ನಡುವೆ ಹೇಗೆ ತೂರಿ ಹೋದನೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ನಾನು ಸೀಟಿ ಊದುವುದನ್ನೂ ಮರೆತು ಬಾಯಿ ತೆರೆದು ನೋಡುತ್ತಿದ್ದೆ. ಇದೇನು ನನ್ನ ಕೋಚಿಂಗು ಅಂತೀರಾ? ಹೌದು, ಇದೇ.

ಚಿಕ್ಕೋಡಿಯಲ್ಲಿ ಸೋತೆವು. ರಾಯಬಾಗದಲ್ಲಿ ಸೋತೆವು. ಒಂದೇ ಒಂದು ಪಾಯಿಂಟೂ ಇಲ್ಲ. ನಿಪ್ಪಾಣಿಯಲ್ಲಿ ಭರಮು ಹನ್ನೊಂದೂ ಜನರನ್ನು ದಾಟಿ, ಖಾಲಿ ಮೈದಾನದಲ್ಲಿ ಒಬ್ಬನೇ ಓಡಿದ. ಆ ತುದಿಯ ಗೆರೆ ದಾಟಿದರೆ ಆರು ಪಾಯಿಂಟು. ಇನ್ನೊಂದೇ ಹೆಜ್ಜೆ ಇರುವಾಗ ಗಕ್ಕನೆ ನಿಂತ. ತಿರುಗಿದ. ಬಂದ ದಾರಿಯಲ್ಲೇ ವಾಪಸ್ ಓಡಿ ಬಂದು, ನಡುಗೆರೆ ಮುಟ್ಟಿ, ಎರಡೂ ಕೈ ಎತ್ತಿದ! ಎದುರಿನವರಿಗೆ ಅವನನ್ನು ಹಿಡಿಯುವುದೋ ನಮಸ್ಕಾರ ಮಾಡುವುದೋ ತಿಳಿಯಲಿಲ್ಲ. "ಕಡೀ ಗೆರಿ ದಾಟಿದ್ರ ಔಟ್ ಅಲ್ಲೇನ್ರಿ ಸರ್? ಮನಿಗೆ ತಿರಗಿ ಬಂದ್ರನ ಪಾಯಿಂಟ್" ಎಂದ. ಕಬಡ್ಡಿಯಲ್ಲಿ ಅದು ನೂರಕ್ಕೆ ನೂರು ಸರಿ.

ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿತು. "ಕಡೀ ಮ್ಯಾಚಿನ್ಯಾಗ ಒಂದರ ಪಾಯಿಂಟ್ ಬರಬೇಕು. ಇಲ್ಲಂದ್ರ ಟೀಮ್ ಬಂದ್" ಎಂದುಬಿಟ್ಟರು. ಭರಮು ಊಟ ಅರ್ಧಕ್ಕೆ ಬಿಟ್ಟ. ದಿನಾ ಸುಣ್ಣದ ಗೆರೆ ಎಳೆದು ಅವನನ್ನು ಓಡಿಸಿದೆ. ತಲೆ ಹೂಂ ಅನ್ನುತ್ತಿತ್ತು, ಕಾಲು ಒಲ್ಲೆ ಅನ್ನುತ್ತಿತ್ತು. ಕೊನೆಗೆ ಗೆರೆಯ ಆಚೆ ನಾನೇ ನಿಂತು, ಅಂಬೆಗಾಲಿಡುವ ಕೂಸನ್ನು ಕರೆಯುವ ಹಾಗೆ "ಬಾರೋ ಬಾ" ಎಂದು ಕೈ ಚಾಚಿದೆ. ಆಗ ದಾಟಿದ. ನಾನಿಲ್ಲದಿದ್ದರೆ ಮತ್ತೆ ಗಕ್ಕನೆ ನಿಲ್ಲುತ್ತಿದ್ದ.

ಕೊನೆಯ ಮ್ಯಾಚು ನಮ್ಮ ಮೈದಾನದಲ್ಲೇ, ಕಾಗವಾಡದವರ ಮೇಲೆ. ಆಟ ಮುಗಿಯಲು ಬಂದಿತ್ತು, ನಮ್ಮದು ಸೊನ್ನೆ. ಭರಮುವಿನ ಕೈಗೆ ಚೆಂಡು ಬಂತು. ಹೋದ ನೋಡಿ, ಒಬ್ಬನನ್ನು ಕೊಡವಿ, ಇಬ್ಬರನ್ನು ಜಾರಿಸಿ, ಗೆರೆಯ ಹತ್ತಿರಕ್ಕೆ! ಅಲ್ಲಿ ಅವನ ಹೆಜ್ಜೆ ತಡವರಿಸಿತು. ನನಗೇನಾಯಿತೋ ದೇವರಿಗೇ ಗೊತ್ತು. ಎಮ್ಮೆಗೆ ಹೆದರುವ ನಾನು ಆ ಧಡೂತಿಗಳ ನಡುವೆ ನುಗ್ಗಿ, ಗೆರೆಯ ಆಚೆ ನಿಂತು "ಬಾರಲೇ ಭರಮಾ!" ಎಂದು ಕಿರುಚಿದೆ. ಅವನು ದಾಟಿದ. ಅಂಪೈರು ಸೀಟಿ ಊದಿದರು. ಕೋಚ್ ಮೈದಾನದೊಳಗೆ ಬಂದಿದ್ದಕ್ಕೆ ಪಾಯಿಂಟ್ ರದ್ದು. ನಿಯಮ ಪುಸ್ತಕದಲ್ಲಿ ಅದಿತ್ತಂತೆ. ನಾನು ನಂಬರು ಹಚ್ಚಿದ ಪುಸ್ತಕದಲ್ಲಿ!

ಚೆಂಡು ಹಿಂದಕ್ಕೆ ಹೋಯಿತು. ಇನ್ನೊಂದೇ ಅವಕಾಶ ಉಳಿದಿತ್ತು. ಬದಲಿ ಆಟಗಾರರಿಬ್ಬರು ನನ್ನ ಬಳಿ ಬಂದು, "ತಪ್ಪ ತಿಳ್ಕೋಬ್ಯಾಡ್ರಿ ಸರ್" ಎಂದು ಬಹಳ ಮರ್ಯಾದೆಯಿಂದ ನನ್ನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಕುಳಿತರು. ನನಗೆ ಕಂಡದ್ದು ಹುಲ್ಲು ಮತ್ತು ಒಂದು ಇರುವೆ. ಕಾಲುಗಳ ಸಪ್ಪಳ ಕೇಳಿತು. ಆಮೇಲೆ ಗಪ್‌ಚಿಪ್. ಅವನು ನಿಂತನಪ್ಪಾ, ನಿಂತೇಬಿಟ್ಟ ಅಂದುಕೊಂಡೆ, ಅಳು ಬಂತು. ಮರುಕ್ಷಣ ಇಡೀ ಮೈದಾನ ಹೋ ಎಂದಿತು.

ತಂಡ ಉಳಿಯಿತು. ಮ್ಯಾಚಿನ ದಿನ ಊರಲ್ಲಿರದ ಪ್ರಿನ್ಸಿಪಾಲರು ಕಾಲೇಜಿನ ವಾರ್ಷಿಕ ಸಂಚಿಕೆಗೆ ಆ ಕ್ಷಣದ ಬಗ್ಗೆ ಬರೆಯಲು ಹೇಳಿದರು, ಕಣ್ಣಾರೆ ಕಂಡವರು ನೀವಲ್ಲವೇ ಎಂದು. ನಾನೂ ಸಂಕೋಚಪಡದೆ ಎರಡು ಪುಟ ಬರೆದೆ. ಭರಮು ಬಲಗಾಲಿಟ್ಟು ಗೆರೆ ದಾಟಿದನೆಂದೂ, ಅದನ್ನು ಕಂಡು ನನ್ನ ಕಣ್ಣು ತುಂಬಿತೆಂದೂ ಬರೆದೆ. ಸಂಚಿಕೆ ಬಂದ ದಿನ ಅವನು ಲೈಬ್ರರಿಗೆ ಬಂದು, ನಿಂತುಕೊಂಡೇ ಎರಡೂ ಪುಟ ಓದಿದ.

"ಭಾಳ ಚಲೋ ಬರದೀರಿ ಸರ್" ಎಂದ. ಬಾಗಿಲವರೆಗೆ ಹೋಗಿ ತಿರುಗಿ, ದನಿ ತಗ್ಗಿಸಿ ಹೇಳಿದ: "ಎಡಗಾಲ ಇತ್ರಿ. ಇರ್ಲಿ ಬಿಡ್ರಿ, ಅವ್ರಿಬ್ರೂ ನಿಮ್ಮ ಮ್ಯಾಲ ಕುಂತಿದ್ದು ನಾ ಯಾರಿಗೂ ಹೇಳೂದಿಲ್ಲ."