ಬೇರಿನ ಗೌಪ್ಯ ವರದಿ

ಸಿಂಧನೂರಿನ ಮೂಲಿಕಾ ತಪಾಸಣಾ ಉಪಘಟಕದಲ್ಲಿ ಎಚ್‌ಐವಿ ಎಂಬ ಪದವಿರುವ ಅರ್ಜಿ ಒಂದೇ ಇದ್ದು, ಅದು ಮನುಷ್ಯರಿಗಾಗಿ ಅಚ್ಚಾದದ್ದೆಂದು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಬೇರೆ ಅರ್ಜಿ ಅಚ್ಚಾಗುವ ತನಕ ಬೇರು, ತೊಗಟೆ, ಎಲೆಗಳೆಲ್ಲ ಇದನ್ನೇ ತುಂಬತಕ್ಕದ್ದು.

ಇದು ಗೊತ್ತಿಲ್ಲದೆ ಸಂತೆಕಲ್ಲೂರಿನ ನಾಟಿ ವೈದ್ಯ ದುರುಗಪ್ಪ ಒಂದು ಬೇರನ್ನು ಅರಿವೆಯಲ್ಲಿ ಸುತ್ತಿಕೊಂಡು, ಮಸ್ಕಿಯಲ್ಲಿ ಬಸ್ಸು ಬದಲಿಸಿ ಬಂದ. ಅವನ ತಂಗಿ ಕನಕಮ್ಮ ಆರು ವರ್ಷದಿಂದ ಲಿಂಗಸುಗೂರಿನ ದವಾಖಾನೆಯಿಂದ ಎಚ್‌ಐವಿ ಗುಳಿಗೆ ತಂದು ನುಂಗುತ್ತ, ಗಟ್ಟಿಮುಟ್ಟಾಗಿ ಹೊಲದ ಕಳೆ ತೆಗೆಯುತ್ತಿದ್ದಳು. ಮೊನ್ನೆ ಒಮ್ಮಿಂದೊಮ್ಮೆಲೆ, "ಅಣ್ಣಾ, ಗುಳಿಗಿ ಸಾಕಾಗ್ಯಾವು. ನಿನ್ನ ಬೇರು ಕೊಡು, ಅವನ್ನ ಬಿಟ್ಟುಬಿಡ್ತೀನಿ" ಅಂದಳು. ಆ ಬೇನೆಗೆ ಇದೇ ಬೇರನ್ನು ಊರವರಿಗೆ ಕೊಡುವಾಗ ಎಂದೂ ಬಾರದ ಅನುಮಾನ ದುರುಗಪ್ಪನಿಗೆ ಒಡಹುಟ್ಟಿದಾಕೆ ಕೈಚಾಚಿದಾಗ ಬಂತು ನೋಡ್ರಿ! "ಲ್ಯಾಬಿನ್ಯಾಗ ತೋರಿಸಿ ಹೇಳ್ತೀನಿ, ಅಲ್ಲಿಮಟ ಒಂದು ಗುಳಿಗಿನೂ ತಪ್ಪಿಸಬ್ಯಾಡ" ಎಂದು ಹೊರಟಿದ್ದ.

ಉಪಘಟಕದ ಆಪ್ತಸಮಾಲೋಚಕಿ ಸುಕನ್ಯಾ ಪೆನ್ನು ಹಿಡಿದರು.

"ಹೆಸರು?"

"ಹೆಸರು ಹೇಳಿದ್ರ ಬೇರಿನ ಶಕ್ತಿ ಹೋಗ್ತೈತ್ರಿ. ನಮ್ಮಪ್ಪನೂ ಯಾರಿಗೂ ಹೇಳಿದಾಂವಲ್ಲ."

'ಹೆಸರು ಬಹಿರಂಗಪಡಿಸಲು ಇಚ್ಛೆಯಿಲ್ಲ' ಎಂದು ಬರೆದರು. ಅದು ಪ್ರತಿಯೊಬ್ಬರ ಹಕ್ಕು.

"ಮದುವಿ ಆಗೇತೇನು?"

ದುರುಗಪ್ಪ ಅರಿವೆ ಬಿಚ್ಚಿ ಬೇರನ್ನೊಮ್ಮೆ ನೋಡಿದ. "ಹುತ್ತದ ಬಾಜೂಕ ಒಂದ ಇತ್ತ್ರಿ."

'ಅವಿವಾಹಿತ' ಎಂದು ದಾಖಲಾಯಿತು.

ಪರೀಕ್ಷೆಗೆ ಮುನ್ನ ಸಮಾಲೋಚನೆ ಕಡ್ಡಾಯ. ಸುಕನ್ಯಾ ಬೇರನ್ನು ಕುರ್ಚಿಯ ಮೇಲಿಟ್ಟು, ಬಾಗಿಲು ಹಾಕಿಕೊಂಡು, ಹದಿನೈದು ನಿಮಿಷ ಧೈರ್ಯ ಹೇಳಿದರು. ಬೇರು ಎದುರಾಡಲಿಲ್ಲವೆಂದು ಕಡತದಲ್ಲಿದೆ. ಆಮೇಲೆ ತಂತ್ರಜ್ಞ ಚಾಂದ್‌ಪಾಷಾ ಅದರ ಒಂದು ತುಂಡು ಜಜ್ಜಿ ರಸ ತೆಗೆದ. "ಭಾಳ ಶರೀಫ್ ಪೇಷಂಟ್ ರೀ ಮೇಡಂ, ಹಾಂ ಹೂಂ ಅನ್ನಲಿಲ್ಲ" ಎಂದು ಮೆಚ್ಚಿದ.

ವಾರ ಬಿಟ್ಟು ಮತ್ತೆ ಬಂದ ದುರುಗಪ್ಪ ಕೇಳಿದ, "ಏನ್ ಬಂತ್ರಿ ಮೇಡಂ?"

"ಹೇಳಾಕ ಬರಂಗಿಲ್ರಿ. ವರದಿ ಗೌಪ್ಯ. ಪರೀಕ್ಷಾ ಮಾಡಿಸಿಕೊಂಡವ್ರಿಗೆ ಅಷ್ಟ ಹೇಳಬೇಕು."

"ಅಲ್ರೀ, ಅದಕ್ಕ ಹೇಳಿದ್ರ ಅದು ನನಗ ಹೆಂಗ ಹೇಳ್ತೈತ್ರಿ?"

"ಅದು ನಿಮ್ಮಿಬ್ಬರ ನಡುವಿನ ವಿಚಾರ ರೀ."

ಉಳಿದ ಬೇರನ್ನು ಒಳಗೆ ಕರೆದೊಯ್ದು ವರದಿಯನ್ನು ಮೆಲ್ಲಗೆ ಓದಿ ಹೇಳಲಾಯಿತು. ದುರುಗಪ್ಪ ಹೊರಗೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಬೇರು ಹೊರಬಂದಾಗ ಅದರ ಹೆಸರಿಲ್ಲದ ಹೆಸರಿಗೆ ಒಂದು ಕಾರ್ಡು ಸಿಕ್ಕಿತ್ತು. ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕಂತೆ.

ಮನೆಯಲ್ಲಿ ಕನಕಮ್ಮ ಬಾಗಿಲಿಗೇ ಬಂದಳು. "ಏನಂದ್ರು?"

"ಬೇರಿಗೆ ಹೇಳ್ಯಾರ. ಅದು ಇನ್ನ ನನಗ ಹೇಳಿಲ್ಲ."

ಕನಕಮ್ಮ ಬೇರನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಹಂಗಾದ್ರ ಅದು ಬಾಯಿ ಬಿಡೋಮಟ ಗುಳಿಗಿನೇ ನುಂಗ್ತೀನಿ ಬಿಡು" ಎಂದು ನೀರು ತರಲು ಒಳಗೆ ಹೋದಳು. ದುರುಗಪ್ಪನಿಗೆ ಅಳುವಷ್ಟು ಖುಷಿಯಾಯಿತು.

ಈಗ ಬೇರಿಗೆ ನಾಲ್ಕು ವರದಿ ಬಂದಿವೆ, ನಾಲ್ಕೂ ಗೌಪ್ಯ. ಆ ಬೇನೆಗೆ ಬೇರು ಕೇಳಿ ಯಾರು ಬಂದರೂ ದುರುಗಪ್ಪ ಕಾರ್ಡು ತೋರಿಸಿ, "ಅದು ಇನ್ನ ಬಾಯಿ ಬಿಟ್ಟಿಲ್ಲಪ್ಪ. ಅಲ್ಲಿಮಟ ಲಿಂಗಸುಗೂರಿಗೆ ಹೋಗಿ ಗುಳಿಗಿ ತಗೋ" ಅನ್ನುತ್ತಾನೆ. ಬಂದವರೂ ಕಾನೂನೆಂದರೆ ಕಾನೂನು ಎಂದು ತಲೆಯಾಡಿಸಿ, ಬೇರಿಗೊಂದು ನಮಸ್ಕಾರ ಹೇಳಿ, ಬಸ್ಸು ಹಿಡಿಯುತ್ತಾರೆ.